ಮರದ ಬುಡದಲ್ಲಿ ಒಂದು ಮೀಟರ್ ಮಣ್ಣು ಬಿಡಿ

ಮಾನ್ಯ ಸಂಪಾದಕರೇ,

ಉಡುಪಿಯಲ್ಲಿ ಶಾಲೆಯೊಂದರ ಹತ್ತಿರ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ ಇದೆ. ಪುಸ್ತಕ, ಪೆನ್ನು, ಚಾರ್ಟ್ ಕೂಡ ಮಾರುತ್ತೇನೆ. ಅಂಗಡಿಯ ಎದುರು ಒಂದು ಕಾಟು ಮಾವಿನ ಮರ ಇತ್ತು. ಇತ್ತು ಅಂತ ಬರೆಯಲು ಬೇಜಾರಾಗುತ್ತದೆ. ಕಳೆದ ಮೇ ತಿಂಗಳಲ್ಲಿ, ಮಳೆ ಶುರುವಾಗುವ ಮುಂಚೆ, ಅದನ್ನು ಕಡಿದರು. ಮರ ಒಣಗಿದೆ, ಗಾಳಿಗೆ ಬಿದ್ದರೆ ಅಪಾಯ ಅಂದರು. ಅದು ಸುಳ್ಳೇನಲ್ಲ, ಮೇಲಿನ ಎರಡು ಕೊಂಬೆ ಪೂರ್ತಿ ಒಣಗಿದ್ದವು. ಆದರೆ ಅಷ್ಟು ದೊಡ್ಡ ಮರ ಯಾಕೆ ಒಣಗಿತು ಅಂತ ಯಾರೂ ಕೇಳಲಿಲ್ಲ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ನಾಲ್ಕು ವರ್ಷದ ಹಿಂದೆ ನಮ್ಮ ರಸ್ತೆ ಬದಿಗೆ ಇಂಟರ್‌ಲಾಕ್ ಹಾಕಿದರು. ಮೊದಲು ಜೆಸಿಬಿಯಲ್ಲಿ ಮೇಲಿನ ಮಣ್ಣು ಕೆರೆದರು, ಆಮೇಲೆ ಜಲ್ಲಿ ಸುರಿದು ರೋಲರ್ ಓಡಿಸಿದರು, ಅದರ ಮೇಲೆ ಕ್ರಷರ್ ಪುಡಿ, ಅದರ ಮೇಲೆ ಬ್ಲಾಕ್. ಬ್ಲಾಕುಗಳನ್ನು ಮರದ ಬುಡದವರೆಗೂ ತಂದರು. ತೊಗಟೆಗೂ ಬ್ಲಾಕಿಗೂ ನಡುವೆ ಉಳಿದ ಸಂದಿಗೆ ಸಿಮೆಂಟ್ ಮೆತ್ತಿದರು. ಒಂದು ಬೆರಳು ತೂರುವಷ್ಟು ಮಣ್ಣೂ ಕಾಣುತ್ತಿರಲಿಲ್ಲ. ನಾನು ಆಗ ಏನೂ ಹೇಳಲಿಲ್ಲ. ಕೆಸರು ಹೋಯ್ತಲ್ಲ, ಮಳೆಗಾಲದಲ್ಲಿ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ಬರುವುದು ತಪ್ಪಿತಲ್ಲ ಎಂದು ಖುಷಿಯೇ ಆಗಿತ್ತು. ಬಿ.ಎಸ್ಸಿಯಲ್ಲಿ ಸಸ್ಯಶಾಸ್ತ್ರ ಓದಿದವಳು ನಾನು, ನನಗಾದರೂ ಹೊಳೆಯಬೇಕಿತ್ತು.

ಮೊದಲ ವರ್ಷ ಮರ ಎಂದಿನಂತೆ ಚಿಗುರಿತು, ಹಣ್ಣೂ ಬಿಟ್ಟಿತು, ಮಕ್ಕಳು ಹೆಕ್ಕಿ ತಿಂದರು. ಎರಡನೇ ವರ್ಷ ಎಲೆ ಸಣ್ಣದಾಯಿತು. ಮೂರನೇ ವರ್ಷ ತುದಿಯಿಂದ ಒಣಗಲು ಶುರುವಾಯಿತು. ಕಡಿದ ಮೇಲೆ ಬುಡ ತೆಗೆಯಲು ಬ್ಲಾಕ್ ಎಬ್ಬಿಸಿದಾಗ ನಾನು ಹೋಗಿ ನೋಡಿದೆ. ಸಪೂರ ಬೇರುಗಳೆಲ್ಲ ಕಪ್ಪಾಗಿದ್ದವು. ಒಂದನ್ನು ಹಿಡಿದು ಎಳೆದರೆ ಸಿಪ್ಪೆ ಕಳಚಿ ಕೈಗೆ ಬಂತು, ಒಳಗಿನ ನಾರು ಮಾತ್ರ ನೂಲಿನ ಹಾಗೆ ಮಣ್ಣಲ್ಲೇ ಉಳಿಯಿತು. ಮಣ್ಣಿಗೆ ಚರಂಡಿಯ ವಾಸನೆ. ನೀರಿಲ್ಲದೆ ಸತ್ತ ಬೇರು ಹೀಗಿರುವುದಿಲ್ಲ. ಉಸಿರು ಕಟ್ಟಿ ಸತ್ತ ಬೇರು ಹೀಗಿರುತ್ತದೆ.

ಬೇರಿಗೆ ಎಂಥ ಉಸಿರು ಅಂತ ಕೇಳುವವರೇ ಜಾಸ್ತಿ. ತಪ್ಪು ಅವರದ್ದಲ್ಲ, ನಾವು ಕಲಿಸುವುದೇ ಅರ್ಧ ಪಾಠ. ನನ್ನ ಅಂಗಡಿಯಲ್ಲಿ ದ್ಯುತಿಸಂಶ್ಲೇಷಣೆಯ ಚಾರ್ಟ್ ಇದೆ, ಪ್ರತಿ ವರ್ಷ ಮಕ್ಕಳು ಕೊಂಡುಹೋಗುತ್ತಾರೆ. ಅದರಲ್ಲಿ ಒಂದು ಗಿಡ, ಮೇಲೆ ನಗುವ ಸೂರ್ಯ. ಇಂಗಾಲದ ಡೈಆಕ್ಸೈಡ್ ಎಲೆಗೆ ಹೋಗುವ ಬಾಣ, ಆಮ್ಲಜನಕ ಹೊರಗೆ ಬರುವ ಬಾಣ, ಬೇರಿನಿಂದ ನೀರು ಮೇಲೇರುವ ಬಾಣ. ಅಲ್ಲಿಗೆ ಚಿತ್ರ ಮುಗಿಯಿತು. ಎಲೆಯಲ್ಲಿ ತಯಾರಾದ ಸಕ್ಕರೆ ಬೇರಿಗೆ ಇಳಿಯುವ ಬಾಣ ಇಲ್ಲ. ಮಣ್ಣಿನೊಳಗಿನ ಗಾಳಿಯಿಂದ ಬೇರಿಗೆ ಆಮ್ಲಜನಕ ಹೋಗುವ ಬಾಣವಂತೂ ಇಲ್ಲವೇ ಇಲ್ಲ. ಈ ಎರಡು ಬಾಣ ನೋಡದೆ ಬೆಳೆದವರೇ ಮುಂದೆ ಎಂಜಿನಿಯರ್ ಆಗುತ್ತಾರೆ, ಗುತ್ತಿಗೆದಾರರಾಗುತ್ತಾರೆ, ನನ್ನ ಹಾಗೆ ಅಂಗಡಿ ಇಟ್ಟು ಸುಮ್ನೆ ನೋಡುತ್ತಾ ಕೂರುವವರೂ ಆಗುತ್ತಾರೆ.

ಅಡುಗೆ ಆಗುವುದು ಎಲೆಯಲ್ಲಿ. ಊಟ ಮಾಡುವುದು ಇಡೀ ಮರ. ಎಲೆ ಬಿಸಿಲಿನ ಶಕ್ತಿಯಿಂದ ನೀರನ್ನು ಒಡೆಯುತ್ತದೆ, ಆಮ್ಲಜನಕವನ್ನು ಹೊರಗೆ ಬಿಡುತ್ತದೆ, ಗಾಳಿಯ ಇಂಗಾಲವನ್ನು ಸಕ್ಕರೆ ಮಾಡುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಆ ಸಕ್ಕರೆ ತೊಗಟೆಯ ಒಳಪದರದ ಕೊಳವೆಗಳಲ್ಲಿ ಹರಿದು ಹೂವಿಗೆ, ಕಾಯಿಗೆ, ಕಾಂಡಕ್ಕೆ, ಬೇರಿಗೆ ಹೋಗುತ್ತದೆ. ಹೀಗೆ ಹರಿಯುವ ಸಕ್ಕರೆಯನ್ನು ಕಣ್ಣಾರೆ ನೋಡಬೇಕಾದರೆ ನಮ್ಮೂರಲ್ಲಿ ಪ್ರಯೋಗಾಲಯ ಬೇಕಿಲ್ಲ. ಮೂರ್ತೆಯವರು ತೆಂಗಿನ ಹೊಂಬಾಳೆಯ ತುದಿ ಕೆತ್ತಿ ಮಡಕೆ ಕಟ್ಟುತ್ತಾರಲ್ಲ, ಅದರಲ್ಲಿ ತೊಟ್ಟಿಕ್ಕುವುದು ಅದೇ ರಸ. ಎಲೆಯಲ್ಲಿ ಆದದ್ದು ಕಾಯಿಯ ಕಡೆಗೆ ಹೊರಟಿತ್ತು, ದಾರಿಯಲ್ಲಿ ನಾವು ಹಿಡಿದೆವು. ತಾಜಾ ರಸ ಎಷ್ಟು ಸಿಹಿ ಅಂತ ಕುಡಿದವರಿಗೆ ಗೊತ್ತು.

ಇನ್ನು ಆ ಸಕ್ಕರೆಯನ್ನು ಮರ ಏನು ಮಾಡುತ್ತದೆ? ನಾವು ಅನ್ನವನ್ನು ಏನು ಮಾಡುತ್ತೇವೋ ಅದನ್ನೇ. ಆಮ್ಲಜನಕ ಸೇರಿಸಿ ನಿಧಾನವಾಗಿ ಉರಿಸಿ ಶಕ್ತಿ ತೆಗೆಯುತ್ತದೆ. ಈ ಕೆಲಸ ಹಗಲೂ ರಾತ್ರಿಯೂ ನಡೆಯುತ್ತದೆ, ಜೀವ ಇರುವ ಪ್ರತಿ ಕೋಶದಲ್ಲೂ ನಡೆಯುತ್ತದೆ. ಮರ ತಾನು ಮಾಡಿದ ಸಕ್ಕರೆಯಲ್ಲಿ ಸುಮಾರು ಅರ್ಧವನ್ನು ಹೀಗೆ ತನ್ನ ಉಸಿರಾಟಕ್ಕೇ ಖರ್ಚು ಮಾಡುತ್ತದೆ. ಬೇರಿಗಂತೂ ಖರ್ಚು ದೊಡ್ಡದು. ಮಣ್ಣಲ್ಲಿ ಚೂರುಪಾರು ಇರುವ ಪೊಟ್ಯಾಶ್, ನೈಟ್ರೇಟ್ ಎಲ್ಲ ತಾನಾಗಿ ಒಳಗೆ ಬರುವುದಿಲ್ಲ, ಬೇರು ಶಕ್ತಿ ಹಾಕಿ ಎಳೆದುಕೊಳ್ಳಬೇಕು. ಆಮ್ಲಜನಕ ಸಿಕ್ಕಿದರೆ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ, ಅಂದರೆ ಕೋಶದೊಳಗೆ ಚಲಾವಣೆಯಾಗುವ ಶಕ್ತಿಯ ಚಿಲ್ಲರೆ, ಹುಟ್ಟುತ್ತದೆ. ಆಮ್ಲಜನಕ ಇಲ್ಲದಿದ್ದರೆ ಬರೀ 2. ಅಷ್ಟರಲ್ಲಿ ಸಂಸಾರ ನಡೆಯುತ್ತಾ? ಮೇಲಾಗಿ ಉಸಿರು ಕಟ್ಟಿದ ಬೇರಿನೊಳಗೆ ಸಕ್ಕರೆ ಹುದುಗಿ ಆಲ್ಕೋಹಾಲ್ ಆಗಲು ಶುರುವಾಗುತ್ತದೆ, ಮಡಕೆಯ ಸಿಹಿ ರಸ ಕಳ್ಳಾಗುವ ಹಾಗೆಯೇ.

ಈಗ ಆ ಬ್ಲಾಕುಗಳ ಕೆಳಗೆ ಏನಾಯಿತು ಅಂತ ಯೋಚಿಸಿ. ಮರದ ಸಪೂರ ಬೇರುಗಳು ಪಾತಾಳದಲ್ಲಿ ಇರುವುದಿಲ್ಲ, ಹೆಚ್ಚಿನವು ಮೇಲಿನ ಒಂದೆರಡು ಅಡಿ ಮಣ್ಣಲ್ಲೇ ಹರಡಿರುತ್ತವೆ, ಯಾಕೆಂದರೆ ಗಾಳಿ ಸಿಗುವುದು ಅಲ್ಲೇ. ಜೆಸಿಬಿ ಕೆರೆದದ್ದು ಅದೇ ಮಣ್ಣನ್ನು. ಉಳಿದದ್ದನ್ನು ರೋಲರ್ ಅದುಮಿತು, ಮಣ್ಣಿನ ಕಣಗಳ ನಡುವಿನ ಗಾಳಿಯ ಜಾಗ ಮುಚ್ಚಿತು. ಜೂನ್‌ನಲ್ಲಿ ನಮ್ಮ ಕರಾವಳಿಯ ಮಳೆ ಹಿಡಿದರೆ ಗೊತ್ತಲ್ಲ, ಬ್ಲಾಕಿನ ಸಂದಿಯಿಂದ ಇಳಿದ ನೀರು ಅದುಮಿದ ಮಣ್ಣಲ್ಲಿ ಇಂಗದೆ ಅಲ್ಲೇ ನಿಂತಿತು. ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಆಮ್ಲಜನಕ ಹರಡುವುದು ಸುಮಾರು 10,000 ಪಟ್ಟು ನಿಧಾನ. ಮೇಲೆ ಎಲೆ ಹಸಿರಾಗಿದೆ, ಅಡುಗೆ ಆಗುತ್ತಿದೆ, ಕೆಳಗೆ ಉಣ್ಣಲು ಆಗದೆ ಬೇರು ಸಾಯುತ್ತಿದೆ. ಮರ ಕೂಡಲೇ ಸಾಯುವುದಿಲ್ಲ, ಅದೇ ಕಷ್ಟ. ಕಾಂಡದಲ್ಲಿ, ದಪ್ಪ ಬೇರಿನಲ್ಲಿ ಕೂಡಿಟ್ಟ ಪಿಷ್ಟ ಇರುತ್ತದೆ. ನಾವು ತಿನ್ನುವ ಗೆಣಸು, ಸುವರ್ಣಗೆಡ್ಡೆ ಎಲ್ಲ ಗಿಡಗಳ ಇಂಥ ಗಂಟೇ ಅಲ್ವಾ? ಮರ ಆ ಗಂಟು ಕರಗಿಸಿಕೊಂಡು ಒಂದೆರಡು ವರ್ಷ ತಳ್ಳುತ್ತದೆ. ನೋಡುವವರಿಗೆ ಏನೂ ಆಗಿಲ್ಲ ಅನಿಸುತ್ತದೆ. ಕೊನೆಗೆ ಅದು ಒಣಗುವಾಗ ಇಂಟರ್‌ಲಾಕ್ ಹಾಕಿದ್ದು ಯಾರಿಗೂ ನೆನಪಿರುವುದಿಲ್ಲ.

ನಮ್ಮ ಕಡೆಯ ಹಳಬರಿಗೆ ಇದು ಪುಸ್ತಕ ಓದದೆಯೂ ಗೊತ್ತಿತ್ತು. ಅಡಿಕೆ ತೋಟದವರು ಮಳೆಗೆ ಮುಂಚೆ ಕಣಿ ಬಿಡಿಸುವುದು ಯಾಕೆ? ನೀರು ನಿಂತರೆ ಬೇರು ಕೊಳೆಯುತ್ತದೆ ಅಂತ. ಗದ್ದೆಯಲ್ಲಿ ನೀರು ನಿಂತರೂ ಭತ್ತ ಬದುಕುತ್ತದಲ್ಲ ಅಂತ ನೀವು ಕೇಳಬಹುದು. ಒಂದು ಭತ್ತದ ಗಿಡ ಕಿತ್ತು ಬುಡವನ್ನು ಬ್ಲೇಡಿನಲ್ಲಿ ಅಡ್ಡ ಕೊಯ್ದು ಬೆಳಕಿಗೆ ಹಿಡಿಯಿರಿ. ಸಾಲಾಗಿ ತೂತುಗಳು ಕಾಣುತ್ತವೆ. ಅವು ಗಾಳಿಯ ದಾರಿ, ಎಲೆಯಿಂದ ಬೇರಿನವರೆಗೂ ಇದೆ. ಕುಂದಾಪುರದ ಪಂಚಗಂಗಾವಳಿ ಹೊಳೆಯ ಬದಿಗೆ ಹೋದರೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಮರಗಳು ಇನ್ನೊಂದು ಉಪಾಯ ಮಾಡಿಕೊಂಡದ್ದು ಕಾಣುತ್ತದೆ. ನೀರು ಇಳಿದಾಗ ನೋಡಬೇಕು. ಕೆಲವು ಮರಗಳ ಸುತ್ತ ಕೆಸರಿನಿಂದ ಪೆನ್ಸಿಲ್ ನೆಟ್ಟ ಹಾಗೆ ನೂರಾರು ಬೇರುಗಳು ಮೇಲಕ್ಕೆ ನಿಂತಿರುತ್ತವೆ. ಉಸಿರಾಡಲಿಕ್ಕೆಂದೇ ಮೇಲೆ ಬಂದ ಬೇರುಗಳು ಅವು. ಕಾಟು ಮಾವಿಗೆ ಇಂಥ ಉಪಾಯ ಯಾವುದೂ ಇಲ್ಲ. ಅದಕ್ಕೆ ಸಡಿಲ ಮಣ್ಣೇ ಬೇಕು.

ವಿಜ್ಞಾನಕ್ಕೂ ಇದು ಹೊಸತಲ್ಲ. 1779ರಲ್ಲೇ ಇಂಗನ್‌ಹೌಸ್ ಎಂಬ ಡಚ್ ವೈದ್ಯರು ಗಿಡಗಳನ್ನು ಗಾಜಿನ ಪಾತ್ರೆಯಲ್ಲಿಟ್ಟು ಪರೀಕ್ಷೆ ಮಾಡಿ, ಗಾಳಿಯನ್ನು ಒಳ್ಳೆಯದು ಮಾಡುವುದು ಹಸಿರು ಭಾಗ ಮಾತ್ರ, ಅದೂ ಬೆಳಕಿದ್ದಾಗ ಮಾತ್ರ ಅಂತ ತೋರಿಸಿದ್ದರು. ಕತ್ತಲೆಯಲ್ಲಿ ಇಡೀ ಗಿಡ, ಬೇರು ಮತ್ತು ಹೂವು ಹಗಲಲ್ಲೂ, ನಮ್ಮ ಹಾಗೇ ಗಾಳಿಯನ್ನು ಬಳಸುತ್ತವೆ ಅಂತಲೂ ಕಂಡುಕೊಂಡಿದ್ದರು. ಇಷ್ಟಾದರೂ ಅಶ್ವತ್ಥ ಮರ ರಾತ್ರಿಯೂ ಆಮ್ಲಜನಕ ಕೊಡುತ್ತದೆ ಎಂಬ ವಾಟ್ಸಾಪ್ ಸಂದೇಶ ವಾರಕ್ಕೊಮ್ಮೆ ನನಗೆ ಬರುತ್ತದೆ. ಆಮ್ಲಜನಕ ಬರುವುದು ನೀರು ಒಡೆದಾಗ, ನೀರು ಒಡೆಯಲು ಬೆಳಕು ಬೇಕು. ಕತ್ತಲೆಯಲ್ಲಿ ಯಾವ ಗಿಡವೂ ಕೊಡುವುದಿಲ್ಲ. ರಾತ್ರಿ ಇಂಗಾಲದ ಡೈಆಕ್ಸೈಡ್ ಹಿಡಿದಿಟ್ಟುಕೊಳ್ಳುವ ಗಿಡಗಳು ಇವೆ, ಅನಾನಸು, ಕಾಡುಬಸಳೆ ಇಂಥವು. ಹಿಡಿದದ್ದನ್ನು ಹುಳಿಯ ರೂಪದಲ್ಲಿ ಎಲೆಯಲ್ಲಿಟ್ಟು, ಹಗಲು ಸಕ್ಕರೆ ಮಾಡುತ್ತವೆ. ಕಾಡುಬಸಳೆ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನ ಕಳೆದರೆ ಸಪ್ಪೆ ಅಂತ ನಮ್ಮ ದೇಶದಲ್ಲಿದ್ದ ಬೆಂಜಮಿನ್ ಹೇಯ್ನ್ ಎಂಬವರು 1815ರಲ್ಲೇ ಪ್ರಕಟಿಸಿದ್ದಾರೆ. ನಾನೂ ನಮ್ಮ ಹಿತ್ತಲಿನ ಗಿಡದ ಎಲೆ ಮುರಿದು ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ನಾಲಿಗೆಗೆ ತಾಗಿಸಿ ನೋಡಿದೆ. ಬೆಳಿಗ್ಗೆ ಬಿಂಬುಳಿ ಕಚ್ಚಿದ ಹಾಗಾಯಿತು, ಸಂಜೆ ಬರೀ ಹಸಿ ಸೊಪ್ಪಿನ ರುಚಿ. ಅಶ್ವತ್ಥ ಮರದ ಮೇಲೆ ಭಕ್ತಿ ಇರಲಿ, ನನಗೂ ಇದೆ. ಆದರೆ ಆ ಮರವೂ ರಾತ್ರಿ ನಮ್ಮ ಹಾಗೇ ಉಸಿರಾಡುತ್ತದೆ ಅಂತ ಗೊತ್ತಿದ್ದರೆ ಅದರ ಕಟ್ಟೆಗೆ ಗ್ರಾನೈಟ್ ಹಾಸುವ ಮುಂಚೆ ಒಮ್ಮೆ ಯೋಚಿಸುತ್ತಿದ್ದೆವು. ಕಟ್ಟೆ ಮೊದಲಿಂದಲೂ ಕಲ್ಲಿನದ್ದೇ ಅಲ್ವಾ ಅಂತ ಕೆಲವರು ಹೇಳುತ್ತಾರೆ. ನಾನು ಚಿಕ್ಕಂದಿನಲ್ಲಿ ನೋಡಿದ ಕಟ್ಟೆಗಳಲ್ಲಿ ಸುತ್ತ ಮುರಕಲ್ಲು ಇತ್ತು, ಮರದ ಬುಡದಲ್ಲಿ ಮಣ್ಣು ತೆರೆದೇ ಇತ್ತು. ಪ್ರದಕ್ಷಿಣೆ ಬಂದವರು ಆ ಮಣ್ಣಿಗೇ ನೀರು ಹಾಕುತ್ತಿದ್ದರು.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರ್ ಒಳಗಿನ ಕಾಂಕ್ರೀಟ್ ತೆಗೆಯಬೇಕು ಎಂದು ಆದೇಶ ಮಾಡಿತ್ತು. ಇಲ್ಲೂ ಅಷ್ಟು ಮಾಡೋಣ. ದೊಡ್ಡ ಮರಕ್ಕೆ ಒಂದು ಮೀಟರ್ ಸಾಲದು, ಬೇರು ಕೊಂಬೆಗಳಿಗಿಂತ ಆಚೆಗೂ ಹೋಗಿರುತ್ತದೆ, ಆದರೂ ಏನೂ ಇಲ್ಲದಿರುವುದಕ್ಕಿಂತ ಒಳ್ಳೆಯದು. ಬ್ಲಾಕ್ ಉಳಿಯುತ್ತದೆ, ಖರ್ಚೂ ಕಡಿಮೆ. ನಡೆಯಲು ಜಾಗ ಸಾಲದ ಕಡೆ ಮೇಲೆ ಕಬ್ಬಿಣದ ಜಾಲರಿ ಇಡಬಹುದು. ಬಿಟ್ಟ ಮಣ್ಣಿನ ಮೇಲೆ ಬೈಕ್ ನಿಲ್ಲಿಸಬಾರದು, ಅದೂ ರೋಲರ್ ಮಾಡುವ ಕೆಲಸವನ್ನೇ ಮಾಡುತ್ತದೆ. ತರಗೆಲೆ ಬಿದ್ದರೆ ಗುಡಿಸಿ ಬೆಂಕಿ ಹಾಕುವ ಬದಲು ಅಲ್ಲೇ ಬಿಡಿ, ಎರೆಹುಳ ಬಂದು ಮಣ್ಣು ಸಡಿಲ ಮಾಡುತ್ತದೆ. ಈಗಾಗಲೇ ಬ್ಲಾಕ್ ಹಾಕಿದ ಕಡೆ ಬುಡದ ಸುತ್ತಿನ ನಾಲ್ಕು ಸಾಲು ಎಬ್ಬಿಸಿದರೂ ಸಾಕು, ಇಂಟರ್‌ಲಾಕ್‌ನ ಅನುಕೂಲವೇ ಅದು, ಎಬ್ಬಿಸಲು ಒಡೆಯಬೇಕಾಗಿಲ್ಲ. ಮರ ಕಡಿಯಲು ಅನುಮತಿ ಬೇಕು ಎಂಬ ಕಾನೂನು ನಮ್ಮ ರಾಜ್ಯದಲ್ಲಿ 1976ರಿಂದ ಇದೆ. ಬುಡಕ್ಕೆ ಸಿಮೆಂಟ್ ಮೆತ್ತುವವರು ಅನುಮತಿ ಕೇಳಿದ್ದನ್ನು ನಾನು ಈವರೆಗೆ ಕಂಡಿಲ್ಲ. ಶಾಲೆಯ ಮೇಷ್ಟ್ರು, ಟೀಚರುಗಳಿಗೂ ಒಂದು ಮಾತು. ಚಾರ್ಟಿನಲ್ಲಿ ಇಲ್ಲದ ಆ ಎರಡು ಬಾಣವನ್ನು ದಯವಿಟ್ಟು ಕೈಯಲ್ಲಾದರೂ ಬರೆದು ತೋರಿಸಿ. ನನ್ನ ಅಂಗಡಿಗೆ ಬರುವ ಮಕ್ಕಳಿಗೆ ನಾನು ಈಗ ಕೆಂಪು ಪೆನ್ನಲ್ಲಿ ಬರೆದೇ ಕೊಡುತ್ತಿದ್ದೇನೆ.

ನಮ್ಮ ರಸ್ತೆಯ ತುದಿಯಲ್ಲಿ ಒಂದು ಹೊಳೆದಾಸವಾಳದ ಮರ ಉಳಿದಿದೆ. ಅದರ ಪಕ್ಕದಲ್ಲಿ ಹೋದ ವಾರ ಜಲ್ಲಿ, ಬ್ಲಾಕ್ ತಂದು ರಾಶಿ ಹಾಕಿದ್ದಾರೆ. ಕೆಲಸ ಇನ್ನೂ ಶುರುವಾಗಿಲ್ಲ. ಯಾರ ಜವಾಬ್ದಾರಿಯೋ ಅವರು ಈ ಪತ್ರ ಓದಿದರೆ ಬುಡದಲ್ಲಿ ಒಂದು ಮೀಟರ್ ಬಿಡಲು ಇವತ್ತೇ ಹೇಳಲಿ. ಕೆಲಸಕ್ಕೆ ಬರುವವರಿಗೆ ಅಳತೆಯ ಟೇಪು, ಸುಣ್ಣದ ಪುಡಿ ನಾನು ಕೊಡುತ್ತೇನೆ. ಅಂಗಡಿ ಬೆಳಿಗ್ಗೆ ಎಂಟಕ್ಕೆ ತೆರೆಯುತ್ತೇನೆ, ಬಂದು ಒಂದು ಮಾತು ಹೇಳಿದರೆ ಸಾಕು, ಗೆರೆ ನಾನೇ ಬಂದು ಹಾಕಿಕೊಡುತ್ತೇನೆ.

ಇತಿ,
ಒಬ್ಬ ಓದುಗಳು, ಉಡುಪಿ