ಏಟು ತಿಂದಾಗ ಸ್ವತ್ತು, ತಿರುಗಿ ಹೊಡೆದಾಗ ಮನುಷ್ಯ

ಮಾನ್ಯರೇ,

ಅಮೆರಿಕದ ಗುಲಾಮಗಿರಿ ಕುರಿತು ಈಚೆಗೆ ನಿಮ್ಮಲ್ಲಿ ಬಂದ ಲೇಖನ, ಅಲ್ಲಿನ ಕಾನೂನಿಗೆ ಗುಲಾಮ ಬರೀ ಸ್ವತ್ತಾಗಿದ್ದ ಎನ್ನುತ್ತದೆ. ದಿವಾಣಿ (ಸಿವಿಲ್) ದಾವೆಗಳ ಮಟ್ಟಿಗೆ ಇದು ಸರಿ. ಫೌಜದಾರಿಯಲ್ಲಿ (ಕ್ರಿಮಿನಲ್) ಲೆಕ್ಕವೇ ಬೇರೆ ಇತ್ತು.

ವರ್ಜೀನಿಯಾದ 1669ರ ಕಾಯ್ದೆಯ ಪ್ರಕಾರ, ಎದುರುಬಿದ್ದ ಗುಲಾಮ ಒಡೆಯನ ಏಟಿಗೆ ಸತ್ತರೆ ಅದು ಘೋರ ಅಪರಾಧವಲ್ಲ. ತನ್ನ ಸ್ವತ್ತನ್ನು ತಾನೇ ಬೇಕಂತ ಯಾರು ಹಾಳುಮಾಡಿಕೊಳ್ಳುತ್ತಾರೆ ಎಂಬುದು ಕಾಯ್ದೆಯಲ್ಲೇ ಬರೆದಿಟ್ಟ ಕಾರಣ. ಕೊಲ್ಲುವ ಉದ್ದೇಶ ಇರಲಾರದೆಂದು ಮೊದಲೇ ತೀರ್ಮಾನಿಸಿದ ಮೇಲೆ ವಿಚಾರಣೆಗೆ ಉಳಿದದ್ದೇನು? 1829ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಜಾನ್ ಮ್ಯಾನ್ ಎಂಬಾತ, ಎತ್ತು ಬಾಡಿಗೆಗೆ ತಂದಂತೆ ವರ್ಷದ ಮಟ್ಟಿಗೆ ತಂದಿದ್ದ ಲಿಡಿಯಾ ಎಂಬ ಗುಲಾಮಳು ಏಟು ತಪ್ಪಿಸಿಕೊಂಡು ಓಡಿದಾಗ ಗುಂಡು ಹಾರಿಸಿ ಗಾಯಗೊಳಿಸಿದ. ಕೆಳ ಕೋರ್ಟು ಅವನನ್ನು ತಪ್ಪಿತಸ್ಥನೆಂದಿತು. ಮೇಲಿನ ಕೋರ್ಟಿನ ನ್ಯಾಯಮೂರ್ತಿ ಥಾಮಸ್ ರಫಿನ್, ಒಡೆಯನ ಅಧಿಕಾರಕ್ಕೆ ಮಿತಿ ಇರಕೂಡದು, ಬಾಡಿಗೆಗೆ ಪಡೆದವನಿಗೂ ಅದೇ ಅಧಿಕಾರವೆಂದು ಆ ತೀರ್ಪನ್ನು ತಳ್ಳಿಹಾಕಿದರು.

ಈಗ ಕಟಕಟೆಯಲ್ಲಿ ಗುಲಾಮಳೇ ನಿಂತ ಮೊಕದ್ದಮೆ. ಮಿಸೌರಿ, 1855. ವರ್ಷಗಟ್ಟಲೆ ಅತ್ಯಾಚಾರ ಮಾಡಿದ ಒಡೆಯ ರಾಬರ್ಟ್ ನ್ಯೂಸಮ್‌ನನ್ನು ಸೀಲಿಯಾ ದೊಣ್ಣೆಯಿಂದ ಹೊಡೆದು ಕೊಂದಳು. ಬಲಾತ್ಕಾರದಿಂದ ರಕ್ಷಣೆ 'ಯಾವುದೇ ಹೆಣ್ಣಿಗೆ' ಇದೆ ಎನ್ನುತ್ತಿತ್ತು ರಾಜ್ಯದ ಕಾನೂನು. ವಕೀಲರು ಹಿಡಿದದ್ದು ಆ ಎರಡೇ ಪದಗಳನ್ನು. ಅದರಲ್ಲಿ ಗುಲಾಮ ಹೆಣ್ಣೂ ಸೇರುತ್ತಾಳೆಂದು ಜ್ಯೂರಿಗೆ ಹೇಳಲು ನ್ಯಾಯಾಧೀಶರು ಒಪ್ಪಲಿಲ್ಲ. ಜ್ಯೂರಿಯ ಹನ್ನೆರಡೂ ಮಂದಿ ಬಿಳಿಯ ಗಂಡಸರು. ಬಿಳಿಯನ ವಿರುದ್ಧ ಸಾಕ್ಷಿ ನುಡಿಯುವ ಹಕ್ಕು ಅವಳಿಗಿಲ್ಲ. ಡಿಸೆಂಬರ್ 21ರಂದು ಗಲ್ಲಾಯಿತು. ರಕ್ಷಣೆ ಕೇಳಿದಾಗ ಹೆಣ್ಣಲ್ಲದವಳು ಕೊಲೆಯ ಹೊಣೆ ಹೊರಲು ಪೂರ್ತಿ ಮನುಷ್ಯಳಾದಳು. ವರ್ಜೀನಿಯಾದಲ್ಲಂತೂ 1705ರ ಕಾನೂನಿನಂತೆ, ಗಲ್ಲಿಗೇರಿದ ಗುಲಾಮನ ಬೆಲೆ ಕಟ್ಟಿ ಒಡೆಯನಿಗೆ ಸರಕಾರಿ ಬೊಕ್ಕಸದಿಂದ ತುಂಬಿಕೊಡುತ್ತಿದ್ದರು. ನೇಣು ಮನುಷ್ಯನಿಗೆ, ಪರಿಹಾರ ಸ್ವತ್ತಿಗೆ!

ಹುಟ್ಟು ನೋಡಿ ಅಪರಾಧಿ ಎನ್ನುವ ಕಾನೂನು ನಮ್ಮಲ್ಲಿರಲಿಲ್ಲ ಎಂಬ ಲೇಖನದ ಕೊನೆಯ ಮಾತೂ ತಪ್ಪು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಅದನ್ನೇ ಮಾಡಿತು. ಅದು ಗುಲಾಮಗಿರಿಯಲ್ಲ, ಎರಡನ್ನೂ ಕಲಸಬಾರದು. ಆದರೆ ತೋಟ ಬಿಟ್ಟು ಹೊರಡಲು ಅಲ್ಲಿ ಒಡೆಯನ ಚೀಟಿ ಬೇಕಿದ್ದಂತೆ, ಇಲ್ಲಿ ಗೊತ್ತುಮಾಡಿದ ಜಾಗ ಬಿಡಲು ಪಾಸು ಬೇಕಿತ್ತು, ಮೇಲೆ ಹಾಜರಿ. ಕಾಯ್ದೆ 1952ರಲ್ಲಿ ರದ್ದಾಯಿತು. ಆದರೆ ಈ ಜನರನ್ನು ಇರಿಸಿದ್ದ ಜಾಗಕ್ಕೆ 'ಸೆಟ್ಲಮೆಂಟ್' ಎಂಬ ಹೆಸರು ಉಳಿದೇ ಇದೆ: ಹುಬ್ಬಳ್ಳಿಯಲ್ಲಿ ಆಟೋದವರಿಗೆ ಹಾಗಂದರೆ ಇವತ್ತೂ ಸೀದಾ ಅಲ್ಲಿಗೇ ಒಯ್ಯುತ್ತಾರೆ.

– ಕಾನೂನು ಇತಿಹಾಸದ ಓದುಗರು, ಧಾರವಾಡ