ಸನ್‌ರೂಫ್ ಇರಲಿ, ಹಿಂದಿನ ವೈಪರ್ ಎಲ್ಲಿ?

ಮಾನ್ಯ ಸಂಪಾದಕರೆ,

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದ ಮೇಲೆ ನಮ್ಮ ಬಾಗಲಕೋಟೆಯಲ್ಲೂ ಕಾರಿನ ಮಾತು ಜಾಸ್ತಿಯಾಗಿದೆ. ನಾಲ್ಕು ಮೀಟರ್ ಉದ್ದ ಮೀರದ, 1,200 ಸಿಸಿ ದಾಟದ ಪೆಟ್ರೋಲ್ ಗಾಡಿ ಅಂದರೆ ಹೆಚ್ಚುಕಡಿಮೆ ಎಲ್ಲ ಹ್ಯಾಚ್‌ಬ್ಯಾಕೂ (ಹಿಂದೆ ಡಿಕ್ಕಿ ಬೇರೆಯಾಗಿ ಚಾಚಿಕೊಂಡಿರದ ಕಾರು) ಅದರಲ್ಲಿ ಬಂತು. ಉಳಿದ ದುಡ್ಡಿಗೆ ಇನ್ನಷ್ಟು ಸೇರಿಸಿ ಟಾಪ್ ಮಾಡೆಲ್ಲೇ ತಗೊಂಡುಬಿಡೋಣ ಅಂತ ಜನ ಹೊರಟಿದ್ದಾರೆ. ತಗೊಳ್ಳಲಿ, ಬೇಡ ಅನ್ನುವುದಿಲ್ಲ. ಆದರೆ ಆ ಹೆಚ್ಚಿನ ದುಡ್ಡು ಯಾವುದಕ್ಕೆ ಹೋಗುತ್ತಿದೆ ಅಂತ ಕೇಳುವವರು ಕಡಿಮೆ. ನಿಮ್ಮ ಪತ್ರಿಕೆಯ ವಾಹನ ಪುಟದಲ್ಲೂ ಅದೇ ನಾಲ್ಕು ಮಾತು: ದೊಡ್ಡ ಸ್ಕ್ರೀನ್, ಸನ್‌ರೂಫ್ (ಛಾವಣಿಯಲ್ಲಿ ತೆರೆಯುವ ಗಾಜಿನ ಕಿಟಕಿ), ವೈರ್ ಇಲ್ಲದ ಚಾರ್ಜರ್, ಒಳಗೆ ಬಣ್ಣದ ಲೈಟು. ಈ ಪತ್ರ ಬರೆಯಲು ಅದೇ ಕಾರಣ.

ನಮ್ಮ ಮನೆಯಲ್ಲಿ ಗಾಡಿ ಓಡಿಸುವವಳು ನಾನು. ಹಿಂದಿನ ಸೀಟಿನಲ್ಲಿ ಕೂರುವವರು ಅವ್ವ, ಅತ್ತೆ ಮತ್ತು ಮಕ್ಕಳು. ಹೋಗುವ ಊರುಗಳು ಹುಬ್ಬಳ್ಳಿ, ವಿಜಯಪುರ, ಬೆಳಗಾವಿ. ಕೆಲಸ ಆಸ್ಪತ್ರೆ, ಮದುವೆ, ಇಲ್ಲ ಬಾದಾಮಿಯ ಬನಶಂಕರಿ. ಈ ಭಾಗದ ಬಹುಪಾಲು ಮನೆಗಳ ಕಾರಿನ ಬಾಳೇ ಇದು ಅಲ್ವಾ? ಹಾಗಿದ್ದ ಮೇಲೆ ಕಾರನ್ನೂ ಇದಕ್ಕೆ ತಕ್ಕಂತೆ ನೋಡಬೇಕು.

ಮೊದಲು ಹಿಂದಿನ ವೈಪರ್. ಬಹಳ ಜನ ಇದನ್ನು ಶೋಕಿ ಅಂತ ತಿಳಿದಿದ್ದಾರೆ. ಹ್ಯಾಚ್‌ಬ್ಯಾಕಿನ ಹಿಂಭಾಗ ನೆಟ್ಟಗೆ ಕತ್ತರಿಸಿದಂತೆ ಇರುತ್ತದೆ, ಗಾಡಿ ಓಡುವಾಗ ಅದರ ಹಿಂದೆ ಗಾಳಿ ಸುಳಿ ತಿರುಗಿ ಚಕ್ರ ಎಬ್ಬಿಸಿದ ಧೂಳು, ಕೆಸರನ್ನೆಲ್ಲ ತಂದು ಹಿಂದಿನ ಗ್ಲಾಸಿಗೇ ಬಡಿಯುತ್ತದೆ. ಡಿಕ್ಕಿ ಉದ್ದ ಇರುವ ಸೆಡಾನ್‌ಗಳಲ್ಲಿ ಇದು ಅಷ್ಟಾಗಿ ಆಗುವುದಿಲ್ಲ, ಅದಕ್ಕೇ ಅವಕ್ಕೆ ಹಿಂದೆ ವೈಪರ್ ಇರುವುದು ಅಪರೂಪ. ಈಗ ನಮ್ಮ ಎರೆ ಮಣ್ಣನ್ನು ನೆನೆಸಿಕೊಳ್ಳಿ. ಮಳೆ ಬಿದ್ದ ದಿನ ಹೊಲದಿಂದ ಟ್ರ್ಯಾಕ್ಟರ್ ರಸ್ತೆಗೆ ಹತ್ತಿದರೆ ಡಾಂಬರಿನ ಮೇಲೆ ಉದ್ದಕ್ಕೂ ರಾಡಿ. ಅದರ ಮೇಲೆ ಹತ್ತು ನಿಮಿಷ ಹೋದರೆ ಸಾಕು, ಒಳಗಿನ ಕನ್ನಡಿಯಲ್ಲಿ ನೋಡಿದರೆ ಹಿಂದಿನ ಗ್ಲಾಸ್ ಪೂರ್ತಿ ಕಂದು ಬಣ್ಣ, ಹಿಂದೆ ಬರುತ್ತಿರುವುದು ಬಸ್ಸೋ ಬೈಕೋ ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ಅದೇ ಜಾಗಕ್ಕೆ ಒಣ ಧೂಳು. ಒಂದು ಸಣ್ಣ ಮೋಟರ್, ಒಂದು ಕಡ್ಡಿ, ಒಂದು ನೀರಿನ ಪೈಪು, ಇಷ್ಟೇ ಸಾಮಾನು. ಸನ್‌ರೂಫಿನ ಖರ್ಚಿನ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಆದರೂ ಎಷ್ಟೋ ಕಂಪನಿಗಳು ಇದನ್ನು ಕೆಳಗಿನ ಮಾಡೆಲ್‌ಗಳಿಗೆ ಕೊಡುವುದಿಲ್ಲ.

ಇದರ ಜೊತೆಗೇ ಡಿಫಾಗರ್, ಅಂದರೆ ಹಿಂದಿನ ಗ್ಲಾಸಿನಲ್ಲಿ ಅಡ್ಡಡ್ಡ ಕಾಣುವ ಕೆಂಪು ಗೆರೆಗಳು. ಅವು ಬಿಸಿಯಾಗಿ ಮಂಜನ್ನು ಆರಿಸುತ್ತವೆ. ನಮ್ಮಲ್ಲಿ ವರ್ಷಪೂರ್ತಿ ಬೇಕಾಗುವುದಿಲ್ಲ ನಿಜ. ಆದರೆ ಜುಲೈ ತಿಂಗಳಲ್ಲಿ ಬೆಳಗಾವಿಗೆ ಹೋಗಿ ಅಲ್ಲಿಂದ ಚೋರ್ಲಾ ಘಾಟ್ ಇಳಿದವರಿಗೆ ಇದರ ಬೆಲೆ ಗೊತ್ತು.

ಇನ್ನು ಹಿಂದಿನ ಸೀಟು. ಇದರ ಬಗ್ಗೆ ಎಷ್ಟು ಬರೆದರೂ ಕಡಿಮೆ. ಶೋರೂಮಿಗೆ ಹೋದರೆ ಹುಡುಗರು ಮೊದಲು ಸ್ಟೇರಿಂಗ್ ಮುಂದೆ ಕೂರಿಸುತ್ತಾರೆ. "ಅಕ್ಕಾರ, ಸ್ಕ್ರೀನ್ ನೋಡ್ರಿ, ಎಷ್ಟು ದೊಡ್ಡದೈತಿ" ಅಂತ ಶುರುಮಾಡುತ್ತಾರೆ. ನಾನು ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಅವಳಿಗೆ ಮಂಡಿ ನೋವು, ಉಡುವುದು ಇಳಕಲ್ ಸೀರೆ. ಒಂದು ಗಾಡಿಯ ಬಾಗಿಲು ಅರ್ಧಕ್ಕೇ ನಿಂತಿತು, ಸೀಟು ಬೇರೆ ತಗ್ಗಿನಲ್ಲಿ. ಮೊದಲು ತಲೆ ಬಗ್ಗಿಸಿದಳು, ಆಮೇಲೆ ಒಂದು ಕಾಲು ಒಳಗಿಟ್ಟಳು, ಇನ್ನೊಂದು ಕಾಲನ್ನು ಕೈಯಿಂದ ಎತ್ತಿ ಇಟ್ಟುಕೊಂಡಳು. ಹಿಡಿದುಕೊಳ್ಳೋಣ ಅಂದರೆ ಮೇಲೆ ಹಿಡಿಕೆಯೇ ಇಲ್ಲ. ಇಳಿಯುವಾಗ ನಾನೇ ಕೈ ಕೊಟ್ಟು ಎಬ್ಬಿಸಬೇಕಾಯಿತು. "ಇದು ಬ್ಯಾಡವಾ" ಅಂದಳು. ಸ್ಕ್ರೀನ್ ಎಷ್ಟು ದೊಡ್ಡದಿದ್ದರೇನು?

ವ್ಯಾಗನ್‌ಆರ್ ನೋಡಲು ಡಬ್ಬಿ ಹಾಗಿದೆ ಅಂತ ಹುಡುಗರು ಮೂಗು ಮುರಿಯಬಹುದು, ಆದರೆ ಎತ್ತರದ ಸೀಟಿರುವುದರಿಂದ ವಯಸ್ಸಾದವರು ಕುರ್ಚಿಯಲ್ಲಿ ಕೂತಂತೆ ಕೂರುತ್ತಾರೆ. ಆಲ್ಟ್ರೋಜ್‌ನ ಬಾಗಿಲು 90 ಡಿಗ್ರಿ ತೆರೆಯುತ್ತದೆ, ಅದು ನಿಜವಾದ ಅನುಕೂಲ. ಹೀಗೆ ಒಂದೊಂದು ಗಾಡಿಯಲ್ಲಿ ಒಂದೊಂದು ಇದೆ. ವ್ಯಾಗನ್‌ಆರ್‌ನಲ್ಲಿ ಹಿಂದಿನವರಿಗೆ ಬೇರೆ ಎಸಿ ಕಿಂಡಿ ಇಲ್ಲ. ಬಲೆನೊ, ಐ20ಯಲ್ಲಿ ಅದು ಸಿಗುತ್ತದೆ, 2024ರ ಹೊಸ ಸ್ವಿಫ್ಟ್‌ಗೂ ಬಂತು. ಯಾವುದು ಮುಖ್ಯ ಅನ್ನುವುದನ್ನು ನಿಮ್ಮ ಮನೆಯವರನ್ನು ಕೂರಿಸಿಯೇ ತೀರ್ಮಾನಿಸಬೇಕು.

ಎಸಿ ವಿಷಯ ಬಂತಲ್ಲ, ಏಪ್ರಿಲ್-ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಮಧ್ಯಾಹ್ನ ಬಿಸಿಲಲ್ಲಿ ನಿಂತ ಗಾಡಿ ಹತ್ತಿದರೆ ಮುಂದಿನವರಿಗೆ ಬೇಗ ತಂಪಾಗುತ್ತದೆ, ಹಿಂದೆ ಮೂವರ ಮಧ್ಯೆ ಸಿಕ್ಕಿಕೊಂಡ ಮಗುವಿಗೆ ಬಹಳ ಹೊತ್ತು ಬೇಕು. ಅಂಥ ಊರಿನಲ್ಲಿ ತಲೆಯ ಮೇಲೆ ಗಾಜಿನ ಕಿಟಕಿಗೆ ಹೆಚ್ಚು ದುಡ್ಡು ಕೊಡುವುದು ನನಗೆ ಎಷ್ಟು ಯೋಚಿಸಿದರೂ ಒಪ್ಪಿಗೆಯಾಗುವುದಿಲ್ಲ. ಪರದೆ ಎಳೆದರೂ ಕಾವು ಒಳಗೆ ಬರುತ್ತದೆ, ಸನ್‌ರೂಫಿನ ಚೌಕಟ್ಟಿಗೆ ಛಾವಣಿಯ ಎತ್ತರವೂ ಸ್ವಲ್ಪ ಕಡಿಮೆಯಾಗುತ್ತದೆ. ಮಕ್ಕಳು ಅದರಿಂದ ತಲೆ ಹೊರಗೆ ಹಾಕುವುದಂತೂ ಅಪಾಯ, ದಯವಿಟ್ಟು ಯಾರೂ ಬಿಡಬೇಡಿ.

ಎಸಿಯನ್ನು ಹೆಚ್ಚು ಕಡಿಮೆ ಮಾಡಲು ತಿರುಗಿಸುವ ಗುಂಡಿ ಇರಬೇಕು. ಸ್ಕ್ರೀನಿನೊಳಗೆ ಹುಡುಕುವ ಹಾಗಿದ್ದರೆ ಕಣ್ಣು ರಸ್ತೆಯಿಂದ ಕೀಳಲೇಬೇಕಾಗುತ್ತದೆ. ಯುರೋಪಿನಲ್ಲಿ ಕಾರುಗಳಿಗೆ ಸುರಕ್ಷತೆಯ ಸ್ಟಾರ್ ಕೊಡುವ ಯುರೋ ಎನ್‌ಕ್ಯಾಪ್ ಕೂಡ 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್‌ನಂಥವಕ್ಕೆ ಕೈಗೆ ಸಿಗುವ ಬಟನ್ನೇ ಬೇಕು ಅನ್ನುತ್ತಿದೆ.

ಡ್ರೈವರ್ ಸೀಟಿನ ಎತ್ತರ ಹೊಂದಿಸುವ ಲಿವರ್ ಬಗ್ಗೆ ಗಂಡಸರು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ನನ್ನಂಥ ಗಿಡ್ಡ ಹೆಂಗಸರು ಓಡಿಸುವುದಾದರೆ ಅದು ಬೇಕೇಬೇಕು. ದಿಂಬು ಹಾಕಿಕೊಂಡು ಓಡಿಸುವವರನ್ನು ನೋಡಿದ್ದೇನೆ, ಬ್ರೇಕ್ ಹಾಕಿದಾಗ ಅದು ಜಾರುತ್ತದೆ. ಸ್ಟೇರಿಂಗ್ ಮೇಲೆ ಕೆಳಗೆ ಆಗುವುದೂ ಅಷ್ಟೇ ಮುಖ್ಯ.

ರಾತ್ರಿ ಓಡಾಡುವವರಿಗೆ ಇನ್ನೊಂದು ಸಣ್ಣ ವಸ್ತು: ಒಳಗಿನ ಕನ್ನಡಿಯ ಕೆಳಗೆ ಹಗಲು-ರಾತ್ರಿಗೆ ಬದಲಿಸುವ ಚಿಕ್ಕ ಕಿವಿ. ಹಿಂದಿನ ಲಾರಿಯ ಹೈ ಬೀಮ್ ಕಣ್ಣಿಗೆ ಹೊಡೆಯದಂತೆ ಅದು ತಡೆಯುತ್ತದೆ. ಕಬ್ಬು ನುರಿಸುವ ಕಾಲಕ್ಕೆ ಮುಧೋಳ, ಜಮಖಂಡಿ ಕಡೆ ಹೋದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು, ಎಷ್ಟೋ ಟ್ರೇಲರ್‌ಗಳಿಗೆ ಹಿಂದೆ ಕೆಂಪು ದೀಪವೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಅಲ್ಲಿ ಕಣ್ಣು ಕುಕ್ಕಿ ಎರಡು ಸೆಕೆಂಡ್ ಏನೂ ಕಾಣದೆ ಹೋದರೆ ಮುಗಿಯಿತು. ಹೆಡ್‌ಲೈಟ್ ತಾನಾಗಿ ಹತ್ತುವುದು ನನಗೆ ಬೇಡ, ಅದರ ಬೆಳಕು ಚೆನ್ನಾಗಿರಲಿ.

ಡಿಕ್ಕಿ ವಿಷಯದಲ್ಲಿ ಎಲ್ಲರೂ ಲೀಟರ್ ಹೇಳುತ್ತಾರೆ: ಬಲೆನೊ 318, ವ್ಯಾಗನ್‌ಆರ್ 341, ಆಲ್ಟ್ರೋಜ್ 345. ಸರಿ. ಆದರೆ ಜೋಳದ ಚೀಲ ಎತ್ತಿ ಇಡುವಾಗ ಡಿಕ್ಕಿಯ ಅಂಚು ಎಷ್ಟು ಎತ್ತರ ಇದೆ ಅನ್ನುವುದೂ ಮುಖ್ಯ. ಹಿಂದಿನ ಸೀಟು ಎರಡು ಭಾಗವಾಗಿ ಮಡಚುವಂತಿದ್ದರೆ ಒಂದು ಕಡೆ ಸಾಮಾನು, ಇನ್ನೊಂದು ಕಡೆ ಜನ. ಪೂರ್ತಿ ಒಂದೇ ಆಗಿ ಮಡಚುವ ಸೀಟಾದರೆ ಸಾಮಾನು ಇಲ್ಲವೇ ಜನ, ಎರಡರಲ್ಲಿ ಒಂದೇ.

ಆಟೋಮ್ಯಾಟಿಕ್ ಗೇರ್ ಬೇಕಾದವರು ತಗೊಳ್ಳಲಿ. ರಿವರ್ಸ್ ಸೆನ್ಸರ್ 2019ರ ಜುಲೈಯಿಂದ ಎಲ್ಲ ಕಾರಿಗೂ ಕಡ್ಡಾಯ, ಅದನ್ನು ದೊಡ್ಡ ಫೀಚರ್ ಅಂತ ಹೇಳಿ ಮಾರುವವರನ್ನು ನಂಬಬೇಡಿ.

ಒಂದು ಲೆಕ್ಕ ನಾನು ಎಲ್ಲರಿಗೂ ಹೇಳುತ್ತೇನೆ. ಸ್ಕ್ರೀನ್, ಕ್ಯಾಮೆರಾ, ಫಾಗ್ ಲೈಟ್, ಸೀಟ್ ಕವರ್ ಇವನ್ನೆಲ್ಲ ಆಮೇಲೆ ಊರಲ್ಲೇ ಹಾಕಿಸಬಹುದು, ವೈರ್ ಕತ್ತರಿಸದೆ ಹಾಕುವ ಕಡೆ ಹಾಕಿಸಿದರೆ ಆಯಿತು. ಸೀಟಿನ ಎತ್ತರ, ಹಿಂದಿನ ಎಸಿ ಕಿಂಡಿ, ಹಿಂದಿನ ವೈಪರ್, ಮಡಚುವ ಸೀಟು ಇವನ್ನು ಹೊರಗೆ ಸರಿಯಾಗಿ ಮಾಡಿಸಲು ಆಗುವುದಿಲ್ಲ. ಹೆಚ್ಚಿನ ದುಡ್ಡು ಕೊಡುವುದಾದರೆ ಈ ಎರಡನೆಯ ಪಟ್ಟಿಗೆ ಕೊಡಿ. ಬಹಳ ಸಲ ಮಧ್ಯದ ಮಾಡೆಲ್‌ನಲ್ಲೇ ಮುಕ್ಕಾಲು ಪಾಲು ಸಿಕ್ಕಿಬಿಡುತ್ತದೆ.

ಪತ್ರಿಕೆಗೆ ನನ್ನ ಕೋರಿಕೆ ಇಷ್ಟು. ಹೊಸ ಕಾರಿನ ಬಗ್ಗೆ ಬರೆಯುವಾಗ ಟಾಪ್ ಮಾಡೆಲ್ ಒಂದನ್ನೇ ಓಡಿಸಿ ಬರೆಯಬೇಡಿ. ಮೇಲೆ ಹೇಳಿದ ವಸ್ತುಗಳು ಯಾವ ಮಾಡೆಲ್‌ನಿಂದ ಶುರುವಾಗುತ್ತವೆ, ಅದರ ಆನ್‌ರೋಡ್ ಬೆಲೆ ಎಷ್ಟು ಅಂತ ಒಂದು ಚಿಕ್ಕ ಪಟ್ಟಿ ಹಾಕಿ. ಸಾಧ್ಯವಾದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಬಾಗಲಕೋಟೆಯಿಂದ ಹುಬ್ಬಳ್ಳಿಯವರೆಗೆ ನಿಮ್ಮ ವರದಿಗಾರರು ಹಿಂದಿನ ಸೀಟಿನ ನಡುವೆ ಕೂತು ಹೋಗಿ ಬಂದು, ಆಮೇಲೆ ಆ ಕಾರು ಹೇಗಿದೆ ಅಂತ ಬರೆಯಲಿ.

– ಒಬ್ಬ ಓದುಗಿ, ನವನಗರ, ಬಾಗಲಕೋಟೆ