ರೈಫಲ್ ಜೊತೆ ಸ್ಕೋಪ್ ಕಟ್ಟಿಕೊಡುವುದನ್ನು ನಿಲ್ಲಿಸುತ್ತಿದ್ದೇವೆ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇವೆ. ಮುಂದಿನ ತಿಂಗಳಿನಿಂದ ನಮ್ಮಲ್ಲಿ ರೈಫಲ್ ಮತ್ತು ಸ್ಕೋಪ್ (ಗುರಿ ನೋಡಲು ರೈಫಲ್ ಮೇಲೆ ಕೂರಿಸುವ ದುರ್ಬೀನು) ಸೆಟ್ ಆಗಿ ಸಿಗುವುದಿಲ್ಲ. ಮೊದಲು ರೈಫಲ್ ಆರಿಸಿಕೊಳ್ಳಿ. ಅದು ನಿಮ್ಮ ಭುಜಕ್ಕೂ ಕೆನ್ನೆಗೂ ಹೊಂದಿತು ಅಂತ ನಿಮಗೂ ನಮಗೂ ಅನ್ನಿಸಿದ ಮೇಲೆ ಸ್ಕೋಪಿನ ಮಾತು. ಒಂದೇ ಸಲ ಬಂದು ಎಲ್ಲ ಮುಗಿಸಿಕೊಂಡು ಹೋಗುತ್ತಿದ್ದವರಿಗೆ ಇದು ಕಿರಿಕಿರಿ ಅನ್ನಿಸಬಹುದು. ಯಾಕೆ ಹೀಗೆ ಮಾಡಿದೆವು ಅಂತ ಹೇಳಬೇಕಾದ್ದು ನಮ್ಮ ಕೆಲಸ.

ಸೆಟ್ ಮಾರುವುದು ನಮಗೆ ಸುಲಭವಿತ್ತು. ದೊಡ್ಡ ಗಾಜು, 24 ಪಟ್ಟು ಜೂಮ್, ಕಪ್ಪಗೆ ಮಿಂಚುವ ರೈಫಲ್. ನೋಡಿದವರಿಗೆ ಬೇಡ ಅನ್ನಲು ಮನಸ್ಸೇ ಬರುತ್ತಿರಲಿಲ್ಲ. ಕೆಲವು ವಾರ ಕಳೆದ ಮೇಲೆ ಅವರಲ್ಲೇ ಕೆಲವರು ವಾಪಸ್ ಬರುತ್ತಿದ್ದರು. ರೈಫಲ್ ಸರಿ ಇಲ್ಲ, ಗುಂಡು ಎಲ್ಲೆಲ್ಲೋ ಬೀಳುತ್ತದೆ ಅನ್ನುವ ದೂರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಾವು ಒಳಗೊಳಗೇ ನಕ್ಕಿದ್ದೂ ಉಂಟು. ಆಮೇಲೆ ಆ ರೈಫಲ್‌ಗಳನ್ನು ಬೆಂಚಿನ ಮೇಲಿಟ್ಟು ಒಂದೊಂದಾಗಿ ನೋಡಿದೆವು. ನೆಲ ನಿಜಕ್ಕೂ ಡೊಂಕಾಗಿತ್ತು. ಹಾಕಿದವರು ನಾವೇ.

ಸಮಸ್ಯೆ ಎಲ್ಲಿತ್ತು ಅಂದರೆ, ಪ್ಯಾರಲಾಕ್ಸ್‌ನಲ್ಲಿ. ಹೆಸರು ಕೇಳಿ ಗಾಬರಿ ಬೇಡ. ಕಾರಿನಲ್ಲಿ ಪಕ್ಕದ ಸೀಟಿನಿಂದ ಸ್ಪೀಡೋಮೀಟರ್ ನೋಡಿದರೆ ಮುಳ್ಳು ಬೇರೆ ಅಂಕೆಯ ಮೇಲೆ ನಿಂತ ಹಾಗೆ ಕಾಣುತ್ತದೆ, ಅಲ್ವಾ? ಅದೇ ಇದು. ಸ್ಕೋಪಿನ ಒಳಗಿನ ಕ್ರಾಸ್‌ಹೇರ್ (ಗುರಿ ಹಿಡಿಯುವ ಕೂಡುಗೆರೆ) ಮತ್ತು ಗುರಿಯ ಚಿತ್ರ ಒಂದೇ ಮಟ್ಟದಲ್ಲಿ ಕೂತಿಲ್ಲದಿದ್ದರೆ, ಕಣ್ಣು ಸ್ವಲ್ಪ ಸರಿದರೂ ಕ್ರಾಸ್‌ಹೇರ್ ಗುರಿಯ ಮೇಲೆ ಓಡಾಡುತ್ತದೆ. ರೈಫಲ್ ಅಲುಗಿರುವುದೇ ಇಲ್ಲ. ದೊಡ್ಡ ಗುಂಡಿನ ರೈಫಲ್‌ಗಳಿಗೆ ಮಾಡಿದ ಸ್ಕೋಪ್‌ಗಳಲ್ಲಿ ಹೆಚ್ಚಿನವು 100 ಗಜಕ್ಕೆ ಹೊಂದಿಸಿ ಬರುತ್ತವೆ. ಸಣ್ಣ ಗುಂಡಿನ .22 ರೈಫಲ್‌ಗೆ ಅಂತಲೇ ಮಾಡಿದವು ಸಾಮಾನ್ಯವಾಗಿ 50 ಗಜದ ಆಸುಪಾಸಿಗೆ. 100 ಗಜಕ್ಕೆ ಹೊಂದಿಸಿದ 40 ಮಿಲಿಮೀಟರ್ ಗಾಜಿನ ಸ್ಕೋಪನ್ನು ಏರ್ ರೈಫಲ್ ಮೇಲೆ ಕೂರಿಸಿ 10 ಮೀಟರ್‌ನಲ್ಲಿ ಹೊಡೆದರೆ, ಕಣ್ಣು ಅಂಚಿಗೆ ಹೋದಾಗ ಗುರಿ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ತಪ್ಪಬಹುದು. ಚಿತ್ರವೂ ಮಂಜು ಮಂಜು. ಅಂಥ ಸೆಟ್‌ಗಳನ್ನು ನಾವು ಮಾರಿದ್ದೇವೆ.

ಹಾಗಾದರೆ ಕಣ್ಣು ಯಾಕೆ ಅಂಚಿಗೆ ಹೋಗುತ್ತದೆ? ಇಲ್ಲಿಗೆ ಬಂದಾಗಲೇ ರೈಫಲ್ ಮತ್ತು ಸ್ಕೋಪ್ ಬೇರೆ ಬೇರೆ ವಿಷಯ ಅಲ್ಲ ಅಂತ ನಮಗೆ ಹೊಳೆದದ್ದು. ಮುಂದಿನ ಗಾಜು ದೊಡ್ಡದಾದಷ್ಟೂ ಅದು ಬ್ಯಾರೆಲ್‌ಗೆ ತಗಲಬಾರದು ಅಂತ ಸ್ಕೋಪನ್ನು ಹಿಡಿದಿಡುವ ರಿಂಗ್ ಎತ್ತರದ್ದು ಹಾಕಬೇಕಾಗುತ್ತದೆ. ರಿಂಗ್ ಎತ್ತರವಾದರೆ ಕೆನ್ನೆ ಸ್ಟಾಕ್ (ಭುಜಕ್ಕೂ ಕೆನ್ನೆಗೂ ಆನಿಸುವ ರೈಫಲ್‌ನ ಹಿಂಭಾಗ) ಬಿಟ್ಟು ಮೇಲೇಳುತ್ತದೆ. ಗದ್ದವನ್ನಷ್ಟೇ ಊರಿಕೊಂಡು, ಕತ್ತು ನಿಗುರಿಸಿಕೊಂಡು ನೋಡುವುದು ಆಗುತ್ತದೆ. ತಲೆ ಪ್ರತಿ ಸಲ ಬೇರೆ ಕಡೆ ಕೂರುತ್ತದೆ. ಆಗ ಗುಂಡು ಒಂದೇ ಕಡೆ ಬೀಳಲಿ ಅಂದರೆ ಹೇಗೆ?

ಅದಕ್ಕೇ ಇನ್ನು ಮುಂದೆ ಮೊದಲ ಪರೀಕ್ಷೆ ನಿಮ್ಮ ಮೈಯದ್ದು. ಗುಂಡು ತುಂಬದ ರೈಫಲ್‌ಗೆ ನೋಡಲಿಕ್ಕಷ್ಟೇ ಒಂದು ಸ್ಕೋಪ್ ಕೂರಿಸಿ ಕೊಡುತ್ತೇವೆ. ಸುರಕ್ಷಿತ ದಿಕ್ಕಿಗೆ ಹಿಡಿದು, ಕಣ್ಣು ಮುಚ್ಚಿ, ಭುಜಕ್ಕಿಟ್ಟು ಕೆನ್ನೆ ಊರಿ. ಆರಾಮಾಗಿ ಕೂತಿತು ಅನ್ನಿಸಿದಾಗ ಕಣ್ಣು ತೆರೆಯಿರಿ. ತಲೆ ಒಂಚೂರೂ ಅಲುಗಿಸದೆ ಸ್ಕೋಪಿನ ಪೂರ್ತಿ ವೃತ್ತ ಕಾಣಬೇಕು. ಅರ್ಧ ಚಂದ್ರನ ಹಾಗೆ ಕಪ್ಪು ನೆರಳು ಕಂಡರೆ ಕೆನ್ನೆಹಲಗೆ ಏರಿಸಬೇಕು, ಇಲ್ಲವೇ ರಿಂಗ್ ಇಳಿಸಬೇಕು, ಇಲ್ಲವೇ ಸ್ಕೋಪನ್ನು ಹಿಂದೆ ಮುಂದೆ ಸರಿಸಬೇಕು. ಸ್ಟಾಕಿನ ಉದ್ದವೂ ಹಾಗೆಯೇ. ಕುಳ್ಳಗಿರುವವರು ಉದ್ದ ಸ್ಟಾಕ್ ಹಿಡಿದು ಬೆನ್ನು ಹಿಂದಕ್ಕೆ ಬಾಗಿಸುವುದನ್ನು ನೋಡಿ ನೋಡಿ ನಮಗೇ ಬೆನ್ನುನೋವು.

ಎರಡನೆಯ ಬದಲಾವಣೆ ಚಿಕ್ಕದು. ಅದರ ಬಗ್ಗೆ ಜಗಳ ಬರಬಹುದು ಅಂತ ನಮಗೂ ಗೊತ್ತು. ರೈಫಲ್‌ಗೆ ಕಟ್ಟುತ್ತಿದ್ದ ‘ಒಂದು ಎಂಒಎ’ ಚೀಟಿಯನ್ನು ತೆಗೆಯುತ್ತಿದ್ದೇವೆ. ಎಂಒಎ ಅಂದರೆ ಒಂದು ಡಿಗ್ರಿಯ 60ನೇ ಒಂದು ಭಾಗ. 100 ಮೀಟರ್ ದೂರದಲ್ಲಿ ಅದು ಸುಮಾರು 29 ಮಿಲಿಮೀಟರ್. ಗುಂಡುಗಳೆಲ್ಲ ಅಷ್ಟು ಅಗಲದೊಳಗೇ ಬೀಳುತ್ತವೆ ಅನ್ನುವುದು ಚೀಟಿಯ ಅರ್ಥ. ಆ ಚೀಟಿ ಬರೆಯುತ್ತಿದ್ದದ್ದು ಮೂರು ಗುಂಡು ಹೊಡೆದು, ಚೆನ್ನಾಗಿ ಬಂದದ್ದನ್ನು ಆರಿಸಿ. ಮೂರು ಗುಂಡು ಪಕ್ಕಪಕ್ಕ ಬೀಳುವುದಕ್ಕೆ ಅದೃಷ್ಟವೂ ಸಾಕು. ಅದೇ ರೈಫಲ್‌ನಿಂದ ಹತ್ತು ಹೊಡೆದರೆ ಗ್ರೂಪ್ (ಗುಂಡುಗಳು ಬಿದ್ದ ಗುಂಪು) ಸಾಮಾನ್ಯವಾಗಿ ಅಗಲವಾಗಿಯೇ ಬರುತ್ತದೆ. ಇನ್ನು ಮುಂದೆ ಹತ್ತು ಗುಂಡಿನ ಕಾಗದವನ್ನೇ ರೈಫಲ್ ಜೊತೆ ಕೊಡುತ್ತೇವೆ. ಯಾವ ಗುಂಡು, ಅದರ ಡಬ್ಬಿಯ ಮೇಲಿನ ಲಾಟ್ ನಂಬರ್ (ಯಾವ ಕಂತಿನಲ್ಲಿ ತಯಾರಾಯಿತು ಅನ್ನುವ ಗುರುತು) ಏನು, ದೂರ ಎಷ್ಟು ಎಲ್ಲ ಅದರಲ್ಲೇ ಇರುತ್ತದೆ. ನೋಡಲು ಮೊದಲಿನಷ್ಟು ಚೆಂದ ಇರುವುದಿಲ್ಲ. ಆದರೆ ಮನೆಗೆ ಹೋಗಿ ಹೊಡೆದಾಗ ಬರುವುದು ಅದೇ.

ಲಾಟ್ ನಂಬರ್ ಸುಮ್ನೆ ಬರೆಯುತ್ತಿಲ್ಲ. .22 ಲಾಂಗ್ ರೈಫಲ್ ಅನ್ನುವ ಹೆಸರಿನ ಗುಂಡಿನ ವಿಷಯದಲ್ಲಿ ಒಂದೇ ಕಂಪನಿಯ ಒಂದೇ ಹೆಸರಿನ ಡಬ್ಬಿಗಳೂ ಲಾಟ್ ಬದಲಾದರೆ ಬೇರೆ ಥರ ವರ್ತಿಸುತ್ತವೆ. ಒಂದು ರೈಫಲ್ ಮೆಚ್ಚಿದ್ದನ್ನು ಪಕ್ಕದ ರೈಫಲ್ ಉಗುಳುತ್ತದೆ. ಹಾಗೇ, ವೇಗದ ಗುಂಡೇ ಒಳ್ಳೆಯದು ಅನ್ನುವ ನಂಬಿಕೆಯನ್ನು ದಯವಿಟ್ಟು ಬಿಡಿ. ಶಬ್ದದ ವೇಗ 20 ಡಿಗ್ರಿ ಬಿಸಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್. ಹೈ ವೆಲಾಸಿಟಿ ಗುಂಡು ಅದಕ್ಕಿಂತ ಜೋರಾಗಿ ಹೊರಟು, ದಾರಿಯಲ್ಲಿ ಆ ಗಡಿ ದಾಟಿ ಕೆಳಗಿಳಿಯುತ್ತದೆ. ಇಳಿಯುವಾಗ ಅಲುಗಾಡುತ್ತದೆ. ಪಂದ್ಯದ ಗುಂಡುಗಳನ್ನು ಮೊದಲಿನಿಂದಲೇ ಶಬ್ದಕ್ಕಿಂತ ನಿಧಾನವಾಗಿ ಮಾಡುವುದು ಇದೇ ಕಾರಣಕ್ಕೆ.

ರೈಫಲ್ ಆರಿಸುವಾಗ ನಮ್ಮ ಕಣ್ಣು ಹೋಗುವುದು ಎರಡು ಕಡೆ. ಒಂದು ಟ್ರಿಗರ್. ಹಗುರವಾಗಿದ್ದರೆ ಸಾಲದು, ಪ್ರತಿ ಸಲ ಒಂದೇ ಕಡೆ, ಒಂದೇ ಒತ್ತಡಕ್ಕೆ ಬಿಡಬೇಕು. ಇನ್ನೊಂದು ಬ್ಯಾರೆಲ್ ಮತ್ತು ಸ್ಟಾಕಿನ ನಡುವಿನ ಸಂದು. ಬ್ಯಾರೆಲ್ ಯಾವುದಕ್ಕೂ ತಗಲದ ಹಾಗೆ ಮಾಡಿದ ರೈಫಲ್ ಆದರೆ, ಒಂದು ಹಾಳೆಯನ್ನು ಆ ಸಂದಿನಲ್ಲಿ ತೂರಿಸಿ ಹಿಂದಕ್ಕೆ ಎಳೆಯಿರಿ. ಸಲೀಸಾಗಿ ಹೋಗಬೇಕು. ಮಧ್ಯೆ ಸಿಕ್ಕಿಕೊಂಡರೆ ಅಲ್ಲಿ ಮರ ತಾಗುತ್ತಿದೆ ಅಂತ ಅರ್ಥ. ಬ್ಯಾರೆಲ್ ಬಿಸಿಯಾದಾಗ ಗುಂಡು ಮೆಲ್ಲಗೆ ಒಂದು ಕಡೆಗೆ ಜರುಗಲು ಶುರುವಾಗುತ್ತದೆ. ದಪ್ಪ ಬ್ಯಾರೆಲ್ ನಿಧಾನಕ್ಕೆ ಬಿಸಿಯಾಗುತ್ತದೆ ನಿಜ. ಆದರೆ ನಿಂತು ಹೊಡೆಯುವವರು ಆ ಭಾರ ಹೊರಬೇಕಲ್ಲ!

ಸ್ಕೋಪಿನ ಬಗ್ಗೆ ನಾವು ಕೇಳುವ ಮೊದಲ ಪ್ರಶ್ನೆ ಎಷ್ಟು ದೂರ ಅಂತ, ಎಷ್ಟು ಜೂಮ್ ಅಂತ ಅಲ್ಲ. ಜೂಮ್ ಜಾಸ್ತಿಯಾದರೆ ಗುರಿ ದೊಡ್ಡದಾಗುತ್ತದೆ, ಕೈ ನಡುಕವೂ ದೊಡ್ಡದಾಗಿ ಕಾಣುತ್ತದೆ. ಬೆಳಕೂ ಕಡಿಮೆಯಾಗುತ್ತದೆ. ಗಾಜಿನ ಅಗಲವನ್ನು ಜೂಮಿನಿಂದ ಭಾಗಿಸಿ ನೋಡಿ. 50 ಮಿಲಿಮೀಟರ್ ಗಾಜು, 10 ಪಟ್ಟು ಜೂಮ್ ಆದರೆ ಕಣ್ಣಿಗೆ ಬರುವ ಬೆಳಕಿನ ಬಿಲ್ಲೆ 5 ಮಿಲಿಮೀಟರ್. ಅದೇ 24ಕ್ಕೆ ತಿರುಗಿಸಿದರೆ 2 ಮಿಲಿಮೀಟರ್ ಚಿಲ್ಲರೆ. ಅಷ್ಟು ಚಿಕ್ಕ ಬಿಲ್ಲೆಯ ಹಿಂದೆ ಕಣ್ಣಿಡುವುದೇ ಒಂದು ಸಾಹಸ. 30 ಮಿಲಿಮೀಟರ್ ಕೊಳವೆಯ ಸ್ಕೋಪ್ ಜಾಸ್ತಿ ಬೆಳಕು ಕೊಡುತ್ತದೆ ಅಂತ ನಮ್ಮವರೇ ಕೆಲವರು ಹೇಳುತ್ತಿದ್ದರು. ಅದು ತಪ್ಪು. ಒಳಗೆ ಜಾಗ ಜಾಸ್ತಿ ಇರುವುದರಿಂದ ಕ್ರಾಸ್‌ಹೇರನ್ನು ಮೇಲೆ ಕೆಳಗೆ ಸರಿಸಲು ಅವಕಾಶ ಜಾಸ್ತಿ ಸಿಗುತ್ತದೆ, ಅಷ್ಟೇ.

ಸ್ಪ್ರಿಂಗ್ ಏರ್ ರೈಫಲ್ ಇರುವವರಿಗೆ ಒಂದು ಮಾತು. ಅದಕ್ಕೆ ಅಂತಲೇ ಮಾಡಿದ ಸ್ಕೋಪ್ ಇಲ್ಲದಿದ್ದರೆ ಹಾಕಬೇಡಿ. ಆ ರೈಫಲ್ ಎರಡು ಸಲ ಒದೆಯುತ್ತದೆ. ಪಿಸ್ಟನ್ ಮುಂದಕ್ಕೆ ನುಗ್ಗುವಾಗ ಹಿಂದಕ್ಕೆ, ಪಿಸ್ಟನ್ ತಟ್ಟನೆ ನಿಂತಾಗ ಮುಂದಕ್ಕೆ. ಹಿಂದಕ್ಕೆ ಬರುವ ಒದೆತ ಒಂದನ್ನೇ ತಡೆಯಲು ಕಟ್ಟಿದ ಸ್ಕೋಪಿನ ಗಾಜು ಒಳಗೇ ಸಡಿಲವಾಗುತ್ತದೆ. ಈಗಾಗಲೇ ಅಂಥ ರೈಫಲ್ ಕೊಂಡವರು 10 ಪಟ್ಟಿನೊಳಗಿನ, 10 ಗಜದವರೆಗೂ ಫೋಕಸ್ ಇಳಿಸಬಹುದಾದ ಸ್ಕೋಪ್ ನೋಡಿ. ಇನ್ನೊಂದು, ಕ್ಲಿಕ್ (ಗುರಿ ಸರಿಸಲು ಸ್ಕೋಪಿನ ತಿರುಪನ್ನು ತಿರುಗಿಸುವ ಒಂದೊಂದು ಹೆಜ್ಜೆ) ಕೆಲಸ ಮಾಡುತ್ತಿಲ್ಲ ಅಂತ ಬಂದವರ ಸ್ಕೋಪ್‌ಗಳು ಬಹಳಷ್ಟು ಸರಿಯಾಗಿಯೇ ಇದ್ದವು. ಕಾಲು ಎಂಒಎ ಕ್ಲಿಕ್ 100 ಮೀಟರ್‌ನಲ್ಲಿ 7 ಮಿಲಿಮೀಟರ್ ಸರಿಸಿದರೆ 10 ಮೀಟರ್‌ನಲ್ಲಿ ಬರೀ 0.7. ಒಂದು ಸೆಂಟಿಮೀಟರ್ ಸರಿಸಲು ಸುಮಾರು 14 ಕ್ಲಿಕ್ ಬೇಕು. ಇದನ್ನು ನಾವು ಕೊಡುವಾಗಲೇ ಹೇಳಬೇಕಿತ್ತು.

ಮತ್ತೆ, ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟ) ನಿಯಮದ 10 ಮೀಟರ್ ಏರ್ ರೈಫಲ್ ಮತ್ತು 50 ಮೀಟರ್ ರೈಫಲ್ ಪಂದ್ಯಗಳಿಗೆ ತಯಾರಿ ಮಾಡುವವರು ಸ್ಕೋಪ್ ಕೊಳ್ಳಲೇಬೇಡಿ. ಅಲ್ಲಿ ಟೆಲಿಸ್ಕೋಪ್ ಹಾಕಲು ಬಿಡುವುದಿಲ್ಲ. ಸಣ್ಣ ತೂತಿನ ಡಯಾಪ್ಟರ್ ಸೈಟ್‌ನಲ್ಲೇ ನೋಡಬೇಕು. 10 ಮೀಟರ್ ಗುರಿಯಲ್ಲಿ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್ ಅಷ್ಟೇ, ಅದನ್ನೂ ಹಾಗೇ ಹೊಡೆಯುತ್ತಾರೆ. ಇಂಥ ಮಕ್ಕಳಿಗೂ ನಾವು ಸೆಟ್ ಮಾರಿದ್ದೇವೆ. ನಾಚಿಕೆಯಾಗುತ್ತದೆ.

ಹಿಂದೆ ಸೆಟ್ ಕೊಂಡವರೆಲ್ಲ ಒಮ್ಮೆ ತಂದು ತೋರಿಸಿ. ರಿಂಗ್ ಎತ್ತರ, ಸ್ಕ್ರೂ ಬಿಗಿ, ಪ್ಯಾರಲಾಕ್ಸ್ ದೂರ ನೋಡಿಕೊಡುತ್ತೇವೆ. ಸ್ಕೋಪ್ ನಿಮ್ಮ ದೂರಕ್ಕೆ ಹೊಂದದ್ದಾಗಿದ್ದರೆ ಬದಲಿಸಿಕೊಡುತ್ತೇವೆ. ರಿಂಗ್ ಸ್ಕ್ರೂಗಳನ್ನು ಮಾತ್ರ ನೀವೇ ಶಕ್ತಿ ಹಾಕಿ ತಿರುಗಿಸಬೇಡಿ. ಜಾಸ್ತಿ ಬಿಗಿದರೆ ಕೊಳವೆ ನಜ್ಜಾಗುತ್ತದೆ, ಒಳಗಿನ ಭಾಗ ಹಿಡಿದುಕೊಳ್ಳುತ್ತದೆ. ಹೊಸದಾಗಿ ಕೊಳ್ಳುವವರು ಕನಿಷ್ಠ ಎರಡು ಸಲ ಬರುವ ಹಾಗೆ ಸಮಯ ಇಟ್ಟುಕೊಳ್ಳಿ. ಲೈಸೆನ್ಸ್, ಕಾಗದಪತ್ರದ ಕೆಲಸ ಮೊದಲಿನ ಹಾಗೆಯೇ.

ರೈಫಲ್ ತರುವಾಗ ಖಾಲಿ ಇರಲಿ, ಬೋಲ್ಟ್ (ಗುಂಡನ್ನು ಒಳಗೆ ತಳ್ಳಿ ಮುಚ್ಚುವ ಭಾಗ) ತೆಗೆಯಲು ಬರುವಂಥದ್ದಾದರೆ ತೆಗೆದು, ಚೀಲದಲ್ಲಿ ಹಾಕಿ ತನ್ನಿ. ಗುಂಡು ಬೇರೆ ಪೆಟ್ಟಿಗೆಯಲ್ಲಿರಲಿ. ಕನ್ನಡಕ ಇರುವವರು ಗುರಿ ಇಡುವಾಗ ಹಾಕುವ ಕನ್ನಡಕವನ್ನೇ ಹಾಕಿಕೊಂಡು ಬನ್ನಿ. ಕ್ರಾಸ್‌ಹೇರ್ ಫೋಕಸ್ ಹೊಂದಿಸುವುದು ನಿಮ್ಮ ಕಣ್ಣಿಗೆ, ನಮ್ಮದಕ್ಕಲ್ಲ.

ಇಂತಿ,
ನಿಮ್ಮ ಅಂಗಡಿಯವರು